ನಟ್ಟು ಎಳೆಯಬಾರದು, ಪೈಪು ತಾನಾಗೇ ಕೂರಬೇಕು

ನಿನ್ನೆ ರಾತ್ರಿ ಊಟ ಆದಮೇಲೆ ಗ್ಯಾರೇಜಿಗೆ ಹೋಗಿ ಒಂದು ಪೈಪು ಬಿಚ್ಚಿದೆ. ಲೀಕ್ ಆಗುತ್ತಿದ್ದ ಪೈಪಲ್ಲ. ಎರಡು ವಾರದಿಂದ ಎಣ್ಣೆ ತುಂಬಿಕೊಂಡು, ಒತ್ತಡ ತಡೆದುಕೊಂಡು, ಒಂದು ತೊಟ್ಟೂ ಹೊರಗೆ ಬಿಡದೆ ಕೂತಿದ್ದ ಪೈಪು. ನಾವು ಕಟ್ಟುತ್ತಿರುವ ವಿಮಾನದ ಎಡಗಡೆ ಚಕ್ರದ ಬ್ರೇಕಿಗೆ ಹೋಗುವ, ಕಾಲಿಂಚು ದಪ್ಪದ ಅಲ್ಯೂಮಿನಿಯಂ ಪೈಪು. ಮೊದಲು ಎಣ್ಣೆ ಇಳಿಸಿದೆ. ಆಮೇಲೆ ಸ್ಪ್ಯಾನರ್ ಹಾಕಿ ನಟ್ಟನ್ನು ನಿಧಾನಕ್ಕೆ ಸಡಿಲಿಸುತ್ತಾ ಬಂದೆ. ಕೊನೆಯ ಥ್ರೆಡ್ ಬಿಡುತ್ತಿದ್ದ ಹಾಗೇ ಪೈಪು ಟಕ್ ಅಂತ ಪಕ್ಕಕ್ಕೆ ಸರಿದು ನಿಂತಿತು. ಸ್ಕೇಲ್ ಇಟ್ಟು ನೋಡಿದೆ. 4 ಮಿಲಿಮೀಟರ್.

ಆ 4 ಮಿಲಿಮೀಟರ್ ಬಗ್ಗೆ ಬರೆಯಬೇಕು ಅನ್ನಿಸಿತು. ಅದಕ್ಕೆ ಮುಂಚೆ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ.

ನಾವಿರುವುದು ಅಮೆರಿಕದ ಓಹಾಯೋ ರಾಜ್ಯದಲ್ಲಿ, ಡೇಟನ್ ಹತ್ತಿರ. ರೈಟ್ ಸಹೋದರರ ಊರು. ಇಲ್ಲಿ ಮನೆಯಲ್ಲೇ ವಿಮಾನ ಕಟ್ಟುವುದು ಕಾನೂನಿನ ಪ್ರಕಾರವೇ ಇರುವ ದಾರಿ. ಅರ್ಧಕ್ಕಿಂತ ಜಾಸ್ತಿ ಕೆಲಸವನ್ನು ಕಟ್ಟುವವರೇ ಕಲಿಕೆಗಾಗಿ, ಖುಷಿಗಾಗಿ ಮಾಡಿರಬೇಕು ಅನ್ನುವುದು ಮುಖ್ಯ ಷರತ್ತು. ಎಲ್ಲರೂ 51 ಪರ್ಸೆಂಟ್ ರೂಲ್ ಅಂತ ಕರೆಯುತ್ತಾರೆ. ಹೀಗೆ ಕಟ್ಟುವವರಿಗಾಗಿ ಪಾಲ್ ಪೊಬೆರೆಜ್ನಿ ಅನ್ನುವವರು 1953ರಲ್ಲಿ ಮಿಲ್ವಾಕಿಯಲ್ಲಿ ಇಎಎ ಅನ್ನುವ ಸಂಘ ಶುರು ಮಾಡಿದರು. ಪ್ರತಿವರ್ಷ ಜುಲೈನಲ್ಲಿ ವಿಸ್ಕಾನ್ಸಿನ್‌ನ ಆಶ್‌ಕಾಶ್‌ನಲ್ಲಿ ನಡೆಯುವ ದೊಡ್ಡ ವಿಮಾನ ಜಾತ್ರೆ ಅವರದ್ದೇ. ನಾನೂ ನಮ್ಮನೆಯವರೂ ಅಲ್ಲಿಗೆ ಮೊದಲ ಸಲ ಹೋಗಿ ಬಂದ ವರ್ಷವೇ ಕಿಟ್ ಬುಕ್ ಮಾಡಿದೆವು. ಇಬ್ಬರು ಅಕ್ಕಪಕ್ಕ ಕೂರುವ, ಪೂರ್ತಿ ಅಲ್ಯೂಮಿನಿಯಂನ ಪುಟ್ಟ ವಿಮಾನ. ಇದು ಆರನೇ ವರ್ಷ. ರೆಕ್ಕೆಗಳು ಗೋಡೆಗೆ ಒರಗಿ ನಿಂತಿವೆ. ಒಡಲು ಗ್ಯಾರೇಜಿನ ನಡುವೆ ತನ್ನ ಮೂರು ಚಕ್ರದ ಮೇಲೆ ನಿಂತಿದೆ.

ಚಕ್ರದ ಮೇಲೆ ನಿಂತ ದಿನ ತುಂಬಾ ಸಂತೋಷಪಟ್ಟೆವು. ನಿಂತಿದ್ದು ಉರುಳಬೇಕು, ಉರುಳಿದ್ದು ನಿಲ್ಲಬೇಕು ಅಲ್ವಾ? ಅಲ್ಲಿಂದ ಶುರುವಾಯಿತು ಈ ಪೈಪಿನ ಕೆಲಸ.

ನಮ್ಮ ವಿಮಾನದಲ್ಲಿ ಹೈಡ್ರಾಲಿಕ್ ಅಂತ ಇರುವುದು ಬ್ರೇಕ್ ಒಂದೇ. ಚಕ್ರ ಮಡಚಿಕೊಳ್ಳುವ ವಿಮಾನಗಳಲ್ಲಾದರೆ ಪಂಪು, ಸಿಲಿಂಡರ್, ವಾಲ್ವು ಅಂತ ಸಂಸಾರ ದೊಡ್ಡದು. ನಮ್ಮದರಲ್ಲಿ ಒಂದು ಎಣ್ಣೆ ಡಬ್ಬಿ, ಇಬ್ಬರಿಗೂ ಎರಡೆರಡು ಪೆಡಲು, ಪೆಡಲಿಗೊಂದರಂತೆ ಎಣ್ಣೆ ತಳ್ಳುವ ನಾಲ್ಕು ಮಾಸ್ಟರ್ ಸಿಲಿಂಡರ್, ಎರಡು ಚಕ್ರದ ಹತ್ತಿರ ಡಿಸ್ಕನ್ನು ಅದುಮಿ ಹಿಡಿಯುವ ಎರಡು ಕ್ಯಾಲಿಪರ್, ಇವುಗಳ ನಡುವೆ ಪೈಪುಗಳು. ಅಷ್ಟೇ. ಆದರೆ ಈ ಬ್ರೇಕನ್ನು ಕಾರಿನ ಬ್ರೇಕಿನ ಹಾಗೆ ಅಂದುಕೊಳ್ಳಬಾರದು. ನಮ್ಮ ವಿಮಾನದ ಮುಂಚಕ್ರಕ್ಕೆ ಸ್ಟೀರಿಂಗ್ ಇಲ್ಲ. ತಳ್ಳುಗಾಡಿಯ ಚಕ್ರದ ಹಾಗೆ ಅದು ತನ್ನಷ್ಟಕ್ಕೆ ಎತ್ತ ಬೇಕಾದರೂ ತಿರುಗುತ್ತದೆ. ನೆಲದ ಮೇಲೆ ನಿಧಾನಕ್ಕೆ ಹೋಗುವಾಗ ಎಡಕ್ಕೆ ತಿರುಗಬೇಕಾದರೆ ಎಡಗಾಲಿನ ಬೆರಳಿನಿಂದ ಎಡ ಬ್ರೇಕ್ ಒತ್ತಬೇಕು, ಬಲಕ್ಕೆ ಬಲ. ಅಂದರೆ ಒಂದು ಕಡೆಯ ಪೈಪು ಹೋಯಿತು ಅಂದರೆ ಬ್ರೇಕ್ ಮಾತ್ರ ಹೋಗುವುದಿಲ್ಲ, ಆ ಕಡೆಗೆ ತಿರುಗುವುದೂ ಹೋಗುತ್ತದೆ. ಸಾಲಾಗಿ ನಿಂತ ಬೇರೆಯವರ ವಿಮಾನಗಳ ನಡುವೆ, ಮುಂದೆ ಪ್ರೊಪೆಲ್ಲರ್ ತಿರುಗುತ್ತಿರುವಾಗ ಹಾಗಾದರೆ ಏನಾಗಬಹುದು ಅಂತ ಯೋಚಿಸಿದರೆ ಕಾಲಿಂಚಿನ ಪೈಪಿನ ಬೆಲೆ ಅರ್ಥವಾಗುತ್ತದೆ.

ಇನ್ನೊಂದು ಭಯ ಬೆಂಕಿಯದ್ದು. ಇಂಥ ವಿಮಾನಗಳ ಬ್ರೇಕಿಗೆ ಹಾಕುವುದು 5606 ಅನ್ನುವ ಕೆಂಪು ಎಣ್ಣೆ. ಅದು ಖನಿಜ ಎಣ್ಣೆ, ಹತ್ತಿಕೊಳ್ಳುತ್ತದೆ. ಟ್ಯಾಕ್ಸಿ ಮಾಡುವಾಗ, ಅಂದರೆ ನೆಲದ ಮೇಲೆ ಓಡಿಸುವಾಗ, ಪದೇಪದೇ ಬ್ರೇಕ್ ಒತ್ತಿ ಕಾದು ಕೂತ ಡಿಸ್ಕಿನ ಮೇಲೆ ಅದು ಸುರಿದರೆ ಅಪಾಯ. ಅದಕ್ಕೇ ನಾವು 83282 ಅನ್ನುವ ಸಿಂಥೆಟಿಕ್ ಎಣ್ಣೆಗೆ ಹೋಗುವುದು ಅಂತ ತೀರ್ಮಾನ ಮಾಡಿದೆವು. ಅದೂ ಕೆಂಪಗೇ ಇರುತ್ತದೆ, ಅದೇ ಸೀಲುಗಳಿಗೆ ಹೊಂದುತ್ತದೆ, ಆದರೆ ಹತ್ತಿಕೊಳ್ಳಲು ತುಂಬಾ ಜಾಸ್ತಿ ಬಿಸಿ ಬೇಕು. ಕಾರಿನ ಬ್ರೇಕ್ ಆಯಿಲ್ ಮಾತ್ರ ಅಪ್ಪಿತಪ್ಪಿಯೂ ಹಾಕುವಂತಿಲ್ಲ. ಅದರ ಜಾತಿಯೇ ಬೇರೆ. ನಮ್ಮ ಸಿಲಿಂಡರ್ ಒಳಗಿನ ರಬ್ಬರ್ ರಿಂಗುಗಳನ್ನು ಅದು ಉಬ್ಬಿಸಿ ಹಾಳು ಮಾಡುತ್ತದೆ. ಗ್ಯಾರೇಜಿನಲ್ಲಿ ಕಾರಿನ ಡಬ್ಬಿಯೂ ವಿಮಾನದ ಡಬ್ಬಿಯೂ ಒಂದೇ ಕಪಾಟಿನಲ್ಲಿ ಇರಬಾರದು ಅಂತ ನಮ್ಮನೆಯವರು ಮೊದಲ ದಿನವೇ ಬೇರೆ ಮಾಡಿಟ್ಟರು. ಒಳ್ಳೆ ಕೆಲಸ ಮಾಡಿದರು.

ಈಗ ಮಾವನ ವಿಷಯ.

ಅಮ್ಮನ ಅಣ್ಣ, ನನ್ನ ಸೋದರಮಾವ, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಮೂರು ದಶಕ ಫಿಟ್ಟರ್ ಆಗಿದ್ದವರು. ಕಿರಣ್ ವಿಮಾನಗಳಿಗೆ ಪೈಪು ಬಗ್ಗಿಸಿದ ಕೈ ಅದು. ಕಿರಣ್ ಅಂದರೆ ಗೊತ್ತಲ್ವಾ, ನಮ್ಮ ವಾಯುಪಡೆಯ ಹುಡುಗರು ಜೆಟ್ ಹಾರಿಸುವುದನ್ನು ಕಲಿಯುತ್ತಿದ್ದ ವಿಮಾನ. 1964ರಲ್ಲಿ ಮೊದಲ ಸಲ ಹಾರಿದ್ದು, ಬೆಂಗಳೂರಲ್ಲೇ ಹುಟ್ಟಿದ್ದು. ಸಣ್ಣವಳಿದ್ದಾಗ ವಿಮಾನಪುರದ ಅವರ ಮನೆಗೆ ಹೋದಾಗ, ತಲೆ ಮೇಲೆ ಸದ್ದು ಕೇಳಿದ ಕೂಡಲೇ ಮಾವ ಊಟದ ತಟ್ಟೆ ಬಿಟ್ಟು ಅಂಗಳಕ್ಕೆ ಓಡುತ್ತಿದ್ದರು. ಈಗ ಎಂಬತ್ತರ ಹತ್ತಿರ. ಮಂಡಿ ನೋವು. ಆದರೆ ಕಣ್ಣು, ನೆನಪು ಎರಡೂ ಚುರುಕು. ಇಲ್ಲಿ ಚಳಿಗಾಲದ ರಾತ್ರಿ ಒಂಬತ್ತು ಅಂದರೆ ಅಲ್ಲಿ ಬೆಳಿಗ್ಗೆ ಏಳೂವರೆ. ಕಾಫಿ ಲೋಟ ಹಿಡಿದುಕೊಂಡು ವಿಡಿಯೋ ಕಾಲ್‌ನಲ್ಲಿ ಕೂರುತ್ತಾರೆ. ಫೋನನ್ನು ನಾನು ಒಡಲಿನ ಒಳಗೆ ಒಂದು ಕ್ಲ್ಯಾಂಪಿಗೆ ಸಿಕ್ಕಿಸುತ್ತೇನೆ. "ಕ್ಯಾಮೆರಾ ಇನ್ನೊಂಚೂರು ಕೆಳಗೆ ಹಿಡಿಯಮ್ಮಾ" ಅನ್ನುವುದು ಅವರ ಖಾಯಂ ಮಾತು.

ಮೊದಲು ಅವರು ನನಗೆ ಕಲಿಸಿದ್ದು ಪೈಪು ಕತ್ತರಿಸುವುದನ್ನ. ಗರಗಸ ಬೇಡ, ಪುಟ್ಟ ಚಕ್ರದ ಕಟರ್ ಸಾಕು. ಒಂದೊಂದು ಸುತ್ತು ತಿರುಗಿಸಿದ ಮೇಲೂ ಒಂದು ಕೂದಲಷ್ಟು ಬಿಗಿ ಮಾಡುತ್ತಾ ಹೋಗಬೇಕು. ಆತುರಕ್ಕೆ ಜಾಸ್ತಿ ಬಿಗಿದರೆ ಬಾಯಿ ಒಳಕ್ಕೆ ಮಡಚಿಕೊಳ್ಳುತ್ತದೆ. ಕತ್ತರಿಸಿದ ಮೇಲೆ ಒಳಗಿನ ಚೂಪನ್ನು ಹೆರೆದು, ಹೊರ ಅಂಚನ್ನು ಸಣ್ಣ ಅರದಲ್ಲಿ ಉಜ್ಜಿ, ಬೆರಳಲ್ಲಿ ಸವರಿ ನೋಡಬೇಕು. ಬೆರಳಿಗೆ ಏನೂ ಸಿಗಬಾರದು. ಮೊದಮೊದಲು ನಾನು ಇದನ್ನು ಎರಡು ನಿಮಿಷದಲ್ಲಿ ಮುಗಿಸುತ್ತಿದ್ದೆ. ಈಗ ಹತ್ತು ನಿಮಿಷ ಬೇಕು.

ಆಮೇಲೆ ಫ್ಲೇರ್. ಪೈಪಿನ ಬಾಯಿಯನ್ನು ತುತ್ತೂರಿಯ ಹಾಗೆ ಅಗಲ ಮಾಡುವುದು. ವಿಮಾನದಲ್ಲಿ ಪೈಪಿನ ತುದಿ ಸೇರುವ ಫಿಟ್ಟಿಂಗುಗಳಿಗೆ ಎಎನ್ ಅನ್ನುತ್ತಾರೆ, ಆರ್ಮಿ-ನೇವಿ ಅಂತ, ಹಳೇ ಸೇನೆಯ ಲೆಕ್ಕ. ಅಲ್ಯೂಮಿನಿಯಂನವಾದರೆ ನೀಲಿ ಬಣ್ಣ. ಅದರ ಮೂತಿಯ ಕೋನ 37 ಡಿಗ್ರಿ. ಕಾರಿನ ಅಂಗಡಿಯಲ್ಲಿ ಸಿಗುವ ಫ್ಲೇರಿಂಗ್ ಟೂಲು 45 ಡಿಗ್ರಿ. ನೋಡುವ ಕಣ್ಣಿಗೆ ಎರಡೂ ಒಂದೇ. ನಟ್ಟು ಹಾಕಿದರೆ ಕೂತ ಹಾಗೂ ಕಾಣುತ್ತದೆ. ಆದರೆ ಮೂತಿಗೂ ಬಾಯಿಗೂ ಪೂರ್ತಿ ಮೈ ತಾಗುವ ಬದಲು ಬರೀ ಒಂದು ಗೆರೆಯಲ್ಲಿ ತಾಗುತ್ತದೆ. ಇವತ್ತು ಲೀಕ್ ಆಗದೇ ಇರಬಹುದು, ನಾಳೆಯ ಗ್ಯಾರಂಟಿ ಇಲ್ಲ. ಈ ಎರಡು ಟೂಲುಗಳನ್ನು ಒಂದೇ ಡ್ರಾಯರಿನಲ್ಲಿ ಇಡುವುದು ತಪ್ಪು ಅಂತ ನನ್ನ ಗಟ್ಟಿ ಅಭಿಪ್ರಾಯ.

ಫ್ಲೇರ್ ಮಾಡುವ ಮುಂಚೆ ನಟ್ಟೂ, ಅದರೊಳಗೆ ಕೂರುವ ಸ್ಲೀವ್ ಅನ್ನುವ ಬಳೆಯೂ ಪೈಪಿನ ಮೇಲೆ ಏರಿರಬೇಕು. ಬಾಯಿ ಅಗಲ ಆದಮೇಲೆ ಅವು ಏರುವುದಿಲ್ಲ. ಇದನ್ನು ಮರೆತು ನಾನು ಒಂದು ಒಳ್ಳೇ ಪೈಪು ಕಳೆದುಕೊಂಡೆ. ಮೂರು ಬಾಗು ಸರಿಯಾಗಿ ಬಂದಿದ್ದ ಪೈಪು ಅದು. ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಪೈಪು ಕತ್ತರಿಸಿದ ಕೂಡಲೇ ನಟ್ಟು, ಸ್ಲೀವ್ ಎರಡೂ ಎರಡು ತುದಿಗೂ ಏರಿಸಿ, ಟೇಪ್ ಸುತ್ತಿ ನಿಲ್ಲಿಸಿಬಿಡುತ್ತೇನೆ. ಆಮೇಲೆ ಉಳಿದ ಕೆಲಸ.

ಫ್ಲೇರ್ ಸರಿಯಾಗಿ ಬಂದಿದೆಯಾ ಅಂತ ನೋಡುವುದಕ್ಕೆ ಹತ್ತು ಪಟ್ಟು ದೊಡ್ಡದು ತೋರಿಸುವ ಭೂತಗನ್ನಡಿ ಇಟ್ಟುಕೊಂಡಿದ್ದೇನೆ. ಬಾಯಿಯ ಅಂಚು ಸ್ಲೀವಿನ ತೂತಿಗಿಂತ ದೊಡ್ಡದಿರಬೇಕು, ಸ್ಲೀವಿನ ಹೊರಮೈಯನ್ನು ದಾಟಬಾರದು. ಸುತ್ತಲೂ ಒಂದೇ ಸಮ ಇರಬೇಕು. ಒಳಮೈ ಕನ್ನಡಿಯ ಹಾಗೆ ಹೊಳೆಯಬೇಕು. ಕೂದಲೆಳೆಯಷ್ಟು ಸೀಳು ಕಂಡರೂ ಕತ್ತರಿಸಿ ಎಸೆಯಬೇಕು. ಟೂಲಿನ ಕೋನಿಗೆ ಒಂದು ಹನಿ ಎಣ್ಣೆ ಹಾಕಿಕೊಂಡರೆ ಒಳಮೈ ನಯವಾಗಿ ಬರುತ್ತದೆ. ಇದು ಮಾವ ಹೇಳಿದ್ದು, ನಿಜ.

ಇಷ್ಟೂ ಕಲಿಯಬಹುದು. ಕೈಗೆ ಬರುತ್ತದೆ. ಕಷ್ಟ ಇರುವುದು ಬಗ್ಗಿಸುವುದರಲ್ಲಿ.

ಎರಡು ಫಿಟ್ಟಿಂಗುಗಳ ನಡುವೆ ಪೈಪನ್ನು ನೇರವಾಗಿ ಎಳೆದುಬಿಟ್ಟರೆ ಆಯಿತಲ್ಲ ಅಂತ ನಾನೂ ಅಂದುಕೊಂಡಿದ್ದೆ. ಹಾಗೆ ಮಾಡುವಂತಿಲ್ಲ. ಎರಡು ಗಟ್ಟಿ ತುದಿಗಳ ನಡುವೆ ನೇರ ಪೈಪು ಹಾಕಲೇಬಾರದು ಅನ್ನುವುದು ನಿಯಮ. ಬಿಸಿಗೆ ಹಿಗ್ಗಿದರೆ, ಚಳಿಗೆ ಕುಗ್ಗಿದರೆ, ನಡುಗಿದರೆ ಅದಕ್ಕೆ ಹೋಗಲು ಜಾಗ ಬೇಕು. ಒಂದಾದರೂ ಬಾಗು ಇದ್ದರೆ ಆ ಬಾಗು ಉಸಿರಾಡುತ್ತದೆ. ನಮ್ಮಲ್ಲಿ ಕರೆಂಟ್ ವೈರನ್ನು ಕಂಬಗಳ ನಡುವೆ ಸ್ವಲ್ಪ ಜೋತಾಡಲು ಬಿಡುತ್ತಾರಲ್ಲ, ಅದೇ ಬುದ್ಧಿ.

ಬಾಗು ಹಾಕುವುದಕ್ಕೂ ಮಿತಿ ಇದೆ. ಅಮೆರಿಕದ ವಿಮಾನಯಾನ ಇಲಾಖೆಯಾದ ಎಫ್‌ಎಎ ಹೊರತಂದಿರುವ ಎಸಿ 43.13-1ಬಿ ಅನ್ನುವ ಪುಸ್ತಕ ನಮಗೆಲ್ಲ ಪಂಚಾಂಗದ ಹಾಗೆ. ಕಾಲಿಂಚಿನ ಅಲ್ಯೂಮಿನಿಯಂ ಪೈಪನ್ನು 9/16 ಇಂಚಿಗಿಂತ ಸಣ್ಣ ತ್ರಿಜ್ಯದಲ್ಲಿ ಬಗ್ಗಿಸಬಾರದು ಅನ್ನುತ್ತದೆ ಅದು. ಹತ್ತಿರ ಹತ್ತಿರ 14 ಮಿಲಿಮೀಟರ್. ಬಾಗಿನಲ್ಲಿ ಪೈಪು ಸ್ವಲ್ಪ ಚಪ್ಪಟೆ ಆದರೆ ಪರವಾಗಿಲ್ಲ, ಆದರೆ ಮೊದಲಿದ್ದ ದಪ್ಪದ ಮುಕ್ಕಾಲು ಭಾಗಕ್ಕಿಂತ ಕೆಳಗೆ ಇಳಿಯಬಾರದು. ಬಗ್ಗಿಸಿದ್ದು ತಪ್ಪಾಯಿತು ಅಂತ ಅಲ್ಲೇ ನೆಟ್ಟಗೆ ಮಾಡಿ ಮತ್ತೆ ಬಗ್ಗಿಸುವುದೂ ಸರಿಯಲ್ಲ. ಬೈಂಡಿಂಗ್ ವೈರನ್ನು ಅತ್ತಿತ್ತ ನಾಲ್ಕು ಸಲ ಬಗ್ಗಿಸಿ ಮುರಿಯುತ್ತೇವಲ್ಲ. ಮೊದಲ ಬಗ್ಗಿಗೆ ಮೆತ್ತಗಿರುವ ಲೋಹ ಎರಡನೆಯದಕ್ಕೆ ಬಿರುಸಾಗಿರುತ್ತದೆ, ಮೂರನೆಯದಕ್ಕೆ ಸಿಟ್ಟಾಗಿರುತ್ತದೆ.

ಅದಕ್ಕೇ ಮೊದಲು ತಂತಿಯಲ್ಲಿ ಮಾದರಿ ಮಾಡಿಕೊಳ್ಳಬೇಕು. ಮನೆ ವೈರಿಂಗಿನ ಅರ್ಥ್ ತಂತಿ ಇರುತ್ತದಲ್ಲ, ದಪ್ಪ ತಾಮ್ರದ್ದು, ಅದನ್ನು ಒಡಲಿನೊಳಗೆ ಪೈಪು ಹೋಗಬೇಕಾದ ದಾರಿಯಲ್ಲೇ ಬಗ್ಗಿಸಿ ಬಗ್ಗಿಸಿ ಕೂರಿಸಬೇಕು. ಎಲ್ಲಿ ಕಂಬಿ ಅಡ್ಡ ಬರುತ್ತದೆ, ಎಲ್ಲಿ ಪೆಡಲು ಪೂರ್ತಿ ಒತ್ತಿದಾಗ ತಾಗುತ್ತದೆ, ಎಲ್ಲಿ ಕರೆಂಟ್ ವೈರುಗಳ ಕಟ್ಟು ಇದೆ, ಎಲ್ಲ ಗೊತ್ತಾಗುತ್ತದೆ. ಎಣ್ಣೆಯ ಪೈಪು ಯಾವಾಗಲೂ ವೈರಿನ ಕೆಳಗೆ ಹೋಗಬೇಕು, ಮೇಲೆ ಅಲ್ಲ. ತೊಟ್ಟಿಕ್ಕಿದರೆ ವೈರಿನ ಮೇಲೆ ಬೀಳಬಾರದು. ಮಾದರಿ ತಂತಿಯನ್ನು ಟೇಬಲ್ಲಿನ ಮೇಲೆ ಇಟ್ಟು ಅಳತೆ ತೆಗೆದುಕೊಂಡರೆ ಆಮೇಲೆ ಪೈಪಿನ ಮೇಲೆ ಗುರುತು.

ನಾನು ಎಡವಿದ್ದು ಈ ಗುರುತಿನಲ್ಲಿ.

ಪೈಪು ಮೂಲೆಯಲ್ಲಿ ಚೌಕವಾಗಿ ತಿರುಗುವುದಿಲ್ಲ, ದುಂಡಗೆ ತಿರುಗುತ್ತದೆ. ಮೂಲೆಯವರೆಗೆ ಹೋಗಿ ತಿರುಗುವ ಬದಲು ಮೂಲೆ ಕತ್ತರಿಸಿಕೊಂಡು ಹೋಗುತ್ತದೆ. ಗದ್ದೆಯಲ್ಲಿ ಬದುವಿನ ಮೇಲೆ ಹೋಗದೆ ಅಡ್ಡ ಹಾಯ್ದ ಹಾಗೆ. ಹೀಗಾಗಿ 90 ಡಿಗ್ರಿಯ ಪ್ರತಿ ಬಾಗಿಗೂ ಸ್ವಲ್ಪ ಪೈಪು ಉಳಿಯುತ್ತದೆ. ಲೆಕ್ಕ ಸುಲಭ, ತ್ರಿಜ್ಯದ 0.43 ಭಾಗ. ನಮ್ಮ 14 ಮಿಲಿಮೀಟರ್ ತ್ರಿಜ್ಯಕ್ಕೆ 6 ಮಿಲಿಮೀಟರ್. ಈ 6ನ್ನು ಕಳೆದು ಮುಂದಿನ ಗುರುತು ಹಾಕಬೇಕು. ಅವತ್ತು ಶುಕ್ರವಾರ, ಆಫೀಸಿನಲ್ಲಿ ರಿಲೀಸ್ ಇತ್ತು, ರಾತ್ರಿ ಹನ್ನೊಂದಾಗಿತ್ತು. ಮಾವನಿಗೆ ಕಾಲ್ ಮಾಡಿರಲಿಲ್ಲ. ನಾನು ಕಳೆಯುವುದನ್ನು ಮರೆತೆ. ಎರಡನೇ ಬಾಗು ಬೀಳಬೇಕಾದ ಜಾಗಕ್ಕಿಂತ 6 ಮಿಲಿಮೀಟರ್ ಆಚೆ ಬಿತ್ತು.

ಒಡಲಿನೊಳಗೆ ಹಿಡಿದಾಗ ಗೊತ್ತಾಯಿತು. ಪೈಪಿನ ಬಾಯಿ ಫಿಟ್ಟಿಂಗಿನ ಮೂತಿಗೆ ಎದುರಾಗಿ ಬರುತ್ತಿಲ್ಲ, ಪಕ್ಕಕ್ಕೆ ನಿಂತಿದೆ. ಕೈಯಲ್ಲಿ ಒತ್ತಿದೆ. ಸ್ವಲ್ಪ ಬಂತು. ಇನ್ನೂ 4 ಮಿಲಿಮೀಟರ್ ಉಳಿಯಿತು. ಆ ಅಳತೆಯ ಪೈಪು ಅದೇ ಕೊನೆಯದು. ಮತ್ತೆ ತರಿಸಬೇಕು ಅಂದರೆ ಒಂದು ವಾರ. ಹೆಬ್ಬೆರಳಲ್ಲಿ ಪೈಪನ್ನು ಅದುಮಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ನಟ್ಟು ತಿರುಗಿಸಿದೆ. ಮೊದಲ ಥ್ರೆಡ್ ಹಿಡಿಯಿತು. ಹಿಡಿದ ಮೇಲೆ ನಟ್ಟೇ ಎಳೆದುಕೊಂಡು ಹೋಯಿತು. ಎಷ್ಟು ಬಿಗಿ ಆಯಿತು ಅಂತ ಅಳೆದು ತೋರಿಸುವ ಟಾರ್ಕ್ ವ್ರೆಂಚಿನಲ್ಲಿ ಬಿಗಿದೆ. ಕಾಲಿಂಚಿನ ಅಲ್ಯೂಮಿನಿಯಂ ಪೈಪಿಗೆ 40ರಿಂದ 65 ಇಂಚ್-ಪೌಂಡ್ ಅಂತ ಪುಸ್ತಕ ಹೇಳುತ್ತದೆ, ಅಷ್ಟಕ್ಕೇ ನಿಲ್ಲಿಸಿದೆ. ನೋಡಿದರೆ ಚೆನ್ನಾಗಿ ಕಾಣುತ್ತಿತ್ತು. ಲೈಟು ಆರಿಸಿ ಮಲಗಿದೆ.

ಆಮೇಲಿನ ವಾರಾಂತ್ಯ ಎಣ್ಣೆ ತುಂಬಿದೆವು. ಬ್ರೇಕಿಗೆ ಎಣ್ಣೆ ತುಂಬುವುದು ಮೇಲಿಂದ ಅಲ್ಲ, ಕೆಳಗಿಂದ. ಕ್ಯಾಲಿಪರಿನ ಹತ್ತಿರದ ಪುಟ್ಟ ತಿರುಪಿಗೆ ಪಾರದರ್ಶಕ ನಳಿಗೆ ಸಿಕ್ಕಿಸಿ, ಪಂಪ್ ಇರುವ ಎಣ್ಣೆ ಕ್ಯಾನಿನಿಂದ ನಿಧಾನಕ್ಕೆ ಪಂಪ್ ಮಾಡಿದರೆ ಎಣ್ಣೆ ಮೇಲೇರುತ್ತಾ ಗಾಳಿಯನ್ನು ಮುಂದೆ ತಳ್ಳಿಕೊಂಡು ಹೋಗುತ್ತದೆ. ಗಾಳಿ ಮೇಲಕ್ಕೇ ಹೋಗಬೇಕು ಅಂತ ಬಯಸುತ್ತದೆ, ನಾವು ಅದರ ಜೊತೆ ಹೋಗಬೇಕು. ನಮ್ಮನೆಯವರು ಮೇಲೆ ವಿಮಾನದ ಎಣ್ಣೆ ಡಬ್ಬಿಯ ಹತ್ತಿರ ಟಾರ್ಚ್ ಹಿಡಿದು ಗುಳ್ಳೆ ನೋಡುತ್ತಿದ್ದರು. "ಬಂತು ಬಂತು, ಇನ್ನೊಂದು ಬಂತು" ಅಂತ. ಗುಳ್ಳೆ ನಿಂತ ಮೇಲೆ ಪೆಡಲು ಒತ್ತಿದರೆ ಕಲ್ಲಿನ ಹಾಗೆ ಗಟ್ಟಿ. ಗಾಳಿ ಉಳಿದಿದ್ದರೆ ಸ್ಪಂಜಿನ ಹಾಗೆ ಇರುತ್ತದೆ. ಪ್ರತಿ ಜಾಯಿಂಟಿನ ಕೆಳಗೂ ಬಿಳಿ ಟಿಶ್ಯೂ ಹಾಸಿ, ಪೆಡಲುಗಳನ್ನು ಕಟ್ಟಿಗೆಯಲ್ಲಿ ಒತ್ತಿ ಕಟ್ಟಿ ರಾತ್ರಿಯಿಡೀ ಬಿಟ್ಟೆವು. ಕೆಂಪು ಎಣ್ಣೆ ಬಿಳಿ ಕಾಗದದ ಮೇಲೆ ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ನೋಡಿದರೆ ಹಿಂದುಗಡೆಯ ಒಂದು ಜಾಯಿಂಟ್ ಬಿಟ್ಟು ಎಲ್ಲ ಒಣಗಿತ್ತು. ಎಡಗಡೆಯ ಆ ಪೈಪಿನ ಕೆಳಗೂ ಒಣಗಿತ್ತು.

ಹಿಂದುಗಡೆಯ ಲೀಕು ಕ್ಯಾಲಿಪರಿಗೆ ಸೇರುವ, ತುದಿಗೆ ಹೋಗುತ್ತಾ ಸಣ್ಣದಾಗುವ ಟೇಪರ್ ಥ್ರೆಡ್ಡಿನದು. ಅಲ್ಲಿ ಸೀಲಂಟ್ ಹಚ್ಚಬೇಕು, ಮೊದಲ ಎರಡು ಥ್ರೆಡ್ ಬಿಟ್ಟು. ನಾನು ಕಡಿಮೆ ಹಚ್ಚಿದ್ದೆ. ಬಿಚ್ಚಿ, ಒರೆಸಿ, ಮತ್ತೆ ಹಚ್ಚಿದೆ. ಸರಿಹೋಯಿತು. ಫ್ಲೇರ್ ಜಾಯಿಂಟಿಗೆ ಮಾತ್ರ ಸೀಲಂಟ್ ಹಚ್ಚಲೇಬಾರದು. ಅಲ್ಲಿ ಲೋಹಕ್ಕೆ ಲೋಹವೇ ಸೀಲು. ಲೀಕ್ ಆದರೆ ಇನ್ನೂ ಬಿಗಿಯುತ್ತಾ ಹೋಗುವುದು ಎಲ್ಲರೂ ಮಾಡುವ ತಪ್ಪು. ಬಿಗಿದಷ್ಟೂ ಪೈಪಿನ ಬಾಯಿ ತೆಳ್ಳಗಾಗಿ ಕತ್ತರಿಸಿಕೊಳ್ಳುತ್ತದೆ.

ಅವತ್ತು ಸಾಯಂಕಾಲ ಮಾವನಿಗೆ ತೋರಿಸಿದೆ. ಒಂದೊಂದೇ ಜಾಯಿಂಟ್ ಹತ್ತಿರ ಫೋನ್ ಹಿಡಿಯುತ್ತಾ ಹೋದೆ. ಎಡ ಪೈಪಿನ ಹತ್ತಿರ ಬಂದಾಗ ಸುಮ್ಮನಾದರು.

"ಇದನ್ನ ಹಾಕೋವಾಗ ಕೈ ಬಿಟ್ಟಿದ್ಯಾ?"

"ಅಂದ್ರೆ ಮಾವ?"

"ನಟ್ಟು ಹಾಕೋಕ್ ಮುಂಚೆ. ಪೈಪನ್ನ ಜಾಗಕ್ಕಿಟ್ಟು ಕೈ ಬಿಟ್ರೆ ಎಲ್ಲಿ ನಿಲ್ತು?"

ನಾನು ಮಾತಾಡಲಿಲ್ಲ. ಅವರೂ ಬೈಯಲಿಲ್ಲ. "ಲೀಕ್ ಇಲ್ಲ ಮಾವ, ರಾತ್ರಿಯೆಲ್ಲ ಇಟ್ಟು ನೋಡಿದ್ವಿ" ಅಂದೆ.

"ಲೀಕ್ ಇರಲ್ಲಮ್ಮಾ ಇವತ್ತು. ನೋಡು, ನಟ್ಟು ಇರೋದು ಪೈಪನ್ನ ಹಿಡ್ಕೊಳ್ಳೋಕೆ. ಎಳ್ಕೊಂಡು ಬರೋಕಲ್ಲ. ಪೈಪು ತಾನಾಗೇ ಹೋಗಿ ಅಲ್ಲಿ ಕೂರ್ಬೇಕು. ನೀನು ಕೈ ಬಿಟ್ರೂ ಅಲ್ಲೇ ಇರ್ಬೇಕು. ಆಮೇಲೆ ನಟ್ಟು."

ಕಿರಣ್ ಶಾಪಿನಲ್ಲಿ ಅವರ ಮೇಸ್ತ್ರಿ ಇದನ್ನೇ ಮಾಡಿಸುತ್ತಿದ್ದರಂತೆ. ಪೈಪು ಜೋಡಿಸಿ, ನಟ್ಟು ಮುಟ್ಟದೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಬೇಕು. ಪೈಪು ಅಲ್ಲಾಡದೆ ನಿಂತರೆ ಮುಂದಿನ ಕೆಲಸ. ನಿಲ್ಲದಿದ್ದರೆ ಬಿಚ್ಚಿ, ಪೈಪು ಬಗ್ಗಿಸುವ ಬೆಂಡರಿನ ಹತ್ತಿರ ಹೋಗಬೇಕು.

ಫೋನಿಟ್ಟ ಮೇಲೆ ನಾನು ಲೆಕ್ಕ ಹಾಕಿದೆ. ನಮ್ಮ ಎಂಜಿನ್ ನಾಲ್ಕು ಸಿಲಿಂಡರಿನದು. ಹಾರುವಾಗ ನಿಮಿಷಕ್ಕೆ 2,400 ಸುತ್ತು ಅಂದುಕೊಂಡರೆ, ಒಂದು ಸುತ್ತಿಗೆ ಎರಡು ಸಿಲಿಂಡರ್ ಹೊತ್ತಿಕೊಳ್ಳುತ್ತವೆ. ನಿಮಿಷಕ್ಕೆ 4,800 ಗುದ್ದು. ಗಂಟೆಗೆ 2,88,000. ಪೈಪು ತನ್ನಷ್ಟಕ್ಕೆ ಕೂತಿದ್ದರೆ ಈ ನಡುಕವನ್ನು ತಡೆದುಕೊಳ್ಳುತ್ತದೆ, ಅದಕ್ಕೆಂದೇ ಕ್ಲ್ಯಾಂಪುಗಳಿವೆ. ಆದರೆ ಮೊದಲೇ ಬಿಲ್ಲಿನ ಹಾಗೆ ಎಳೆದು ಕಟ್ಟಿದ ಪೈಪಿಗೆ ಪ್ರತಿ ಗುದ್ದೂ ಆ ಎಳೆತದ ಮೇಲೆ ಬೀಳುತ್ತದೆ. ಬೀಳುವ ಜಾಗವೂ ಗೊತ್ತಿರುವುದೇ. ಬಾಯಿ ಅಗಲವಾಗುವ ಕಡೆ, ಸ್ಲೀವಿನ ಒಳಗೆ, ಕಣ್ಣಿಗೆ ಕಾಣದ ಜಾಗದಲ್ಲಿ. ಅಲ್ಲಿ ಸೀಳು ಶುರುವಾದರೆ ಪ್ರತಿವರ್ಷದ ತಪಾಸಣೆಯಲ್ಲೂ ಕಾಣುವುದಿಲ್ಲ, ಬಿಚ್ಚಿದರೆ ಮಾತ್ರ. ಆ ತಪಾಸಣೆ ಮಾಡುವವಳೂ ನಾನೇ. ಕಟ್ಟಿದವರಿಗೆ ಇಲ್ಲಿ ರಿಪೇರ್‌ಮನ್ ಸರ್ಟಿಫಿಕೇಟ್ ಕೊಡುತ್ತಾರೆ, ತಮ್ಮ ವಿಮಾನವನ್ನು ತಾವೇ ವರ್ಷಕ್ಕೊಮ್ಮೆ ನೋಡಿ ಸಹಿ ಹಾಕಬಹುದು. ನನಗೆ ಅದು ದೊಡ್ಡ ಗೌರವ ಅನ್ನಿಸುತ್ತದೆ. ಆದರೆ ಈ ಪೈಪಿನ ಒಳಗೆ 4 ಮಿಲಿಮೀಟರ್ ಬಚ್ಚಿಟ್ಟಿದ್ದೇನೆ ಅಂತ ಗೊತ್ತಿದ್ದುಕೊಂಡು ನಾನು ಯಾವ ಕೈಯಲ್ಲಿ ಸಹಿ ಹಾಕಲಿ?

ಹೊಸ ಪೈಪು ತರಿಸಿದೆ. ಒಂದು ವಾರ ಆಯಿತು. ಅಷ್ಟರಲ್ಲಿ ನಮ್ಮ ಇಎಎ ಶಾಖೆಯ ಟೆಕ್ನಿಕಲ್ ಕೌನ್ಸಿಲರ್ ಬಂದು ನೋಡಿ ಹೋದರು. ದುಡ್ಡು ತೆಗೆದುಕೊಳ್ಳದೆ ಬೇರೆಯವರ ವಿಮಾನಗಳನ್ನು ನೋಡಿ ಸಲಹೆ ಕೊಡುವ ಹಿರಿಯರು ಇವರು. ಕಟ್ಟುವವರ ಪಾಲಿಗೆ ಇಂಥವರು ದೇವರ ಹಾಗೆ. ಅವರು ಟಾರ್ಚ್ ಹಿಡಿದು ಎಲ್ಲ ಪೈಪುಗಳ ಮೇಲೂ ಕೈಯಾಡಿಸಿದರು. ಗೀರು ಹುಡುಕುತ್ತಿದ್ದರು. ಗೋಡೆಯ ದಪ್ಪದ ಹತ್ತನೇ ಒಂದು ಭಾಗದಷ್ಟು ಗೀರಿದ್ದರೆ ನಯ ಮಾಡಿ ಬಳಸಬಹುದು, ಬಾಗಿನ ಬೆನ್ನಿನ ಮೇಲಿದ್ದರೆ ಬಳಸುವಂತಿಲ್ಲ. ಒಂದು ಕಡೆ ಕ್ಲ್ಯಾಂಪ್ ದೂರ ಆಯಿತು ಅಂದರು. ನಮ್ಮ ಪೈಪಿಗೆ ಹೆಚ್ಚೆಂದರೆ ಹದಿಮೂರೂವರೆ ಇಂಚಿಗೊಂದು ಕ್ಲ್ಯಾಂಪ್ ಬೇಕು. ಇನ್ನೊಂದು ಸೇರಿಸಿದೆ. ಎಡ ಪೈಪಿನ ಬಗ್ಗೆ ಅವರು ಏನೂ ಹೇಳಲಿಲ್ಲ. ಹೇಗೆ ಹೇಳುತ್ತಾರೆ, ಬಿಗಿದ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ನಾನೇ ಹೇಳಿದೆ. ತಲೆಯಾಡಿಸಿ, ಬಿಚ್ಚುವುದು ಒಳ್ಳೇದು ಅಂದರು.

ನಿನ್ನೆ ಬಿಚ್ಚಿದ್ದು ಹಾಗೆ.

ಬಿಚ್ಚಿದ ಪೈಪಿನ ಬಾಯಿಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಒಳಮೈಯಲ್ಲಿ ಮೂತಿ ಒತ್ತಿದ ಗುರುತು ಒಂದು ಹೊಳೆಯುವ ಉಂಗುರ. ಆ ಉಂಗುರ ಸುತ್ತಲೂ ಒಂದೇ ಅಗಲ ಇರಬೇಕಿತ್ತು. ಒಂದು ಕಡೆ ಅಗಲವಾಗಿತ್ತು, ಆಳವಾಗಿ ಒತ್ತಿತ್ತು. ಎದುರಿನ ಕಡೆ ಕೂದಲೆಳೆಯಷ್ಟು. ಹುಣ್ಣಿಮೆಯ ಉಂಗುರವಲ್ಲ, ಬಿದಿಗೆ ಚಂದ್ರ. ಮಾವನಿಗೆ ಫೋಟೋ ಕಳಿಸಿದೆ. "ಅದೇ" ಅಂತ ಒಂದೇ ಪದ ಬರೆದರು.

ಮಾವನ ಜೊತೆ ಮಾತಾಡುವಾಗಲೆಲ್ಲ ಇನ್ನೊಂದು ವಿಮಾನದ ಮಾತು ಬರುತ್ತದೆ. 1980ರ ದಶಕದಲ್ಲಿ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆಯಾದ ಎನ್‌ಎಎಲ್‌ನಲ್ಲಿ ಎಲ್‌ಸಿಆರ್‌ಎ ಅಂತ ಒಂದು ಪುಟ್ಟ ವಿಮಾನ ಕಟ್ಟಿದರು. ಅದರ ಮೂಲ ಅಮೆರಿಕದ ವಿಮಾನ ವಿನ್ಯಾಸಕಾರ ಬರ್ಟ್ ರುಟಾನ್ ಅವರ ಲಾಂಗ್-ಈಜಿ, ಅಮೆರಿಕದಲ್ಲಿ ಜನ ನಕ್ಷೆ ತರಿಸಿಕೊಂಡು ಗ್ಯಾರೇಜಿನಲ್ಲಿ ಕಟ್ಟುತ್ತಿದ್ದ ವಿಮಾನ. ಬಾಲ ಮುಂದಿರುವ ಹಾಗೆ, ಪ್ರೊಪೆಲ್ಲರ್ ಹಿಂದಿರುವ ಹಾಗೆ ಕಾಣುತ್ತದೆ. ಫೋಮ್ ಮತ್ತು ಗ್ಲಾಸ್ ಫೈಬರಿನದು. ಎನ್‌ಎಎಲ್‌ನವರು ಅದನ್ನು ಕಟ್ಟಿದ್ದೇ ಈ ಹೊಸ ವಸ್ತುವಿನಲ್ಲಿ ಕೆಲಸ ಕಲಿಯಬೇಕು ಅಂತ. ಗ್ಯಾರೇಜಿನ ವಿಮಾನ ನಮ್ಮ ಊರಿಗೂ ಬಂದಿತ್ತು ಅನ್ನುವುದು ನನಗೆ ತುಂಬಾ ಇಷ್ಟದ ಸಂಗತಿ. ಆ ಲಾಂಗ್-ಈಜಿಯ ಮುಂಚಕ್ರಕ್ಕೂ ಸ್ಟೀರಿಂಗ್ ಇಲ್ಲ. ನೆಲದ ಮೇಲೆ ಅದೂ ಬ್ರೇಕಿನಿಂದಲೇ ತಿರುಗಬೇಕು. ಬೆಂಗಳೂರಿನ ರನ್‌ವೇ ಮೇಲೆ ಅದು ಮೊದಲ ಸಲ ತಿರುಗಿದಾಗ ಅದರ ಬ್ರೇಕ್ ಲೈನು ಕೂರಿಸಿದ ಕೈ ಯಾರದೋ, ಅವರಿಗೆ ಎದೆ ಹೊಡೆದುಕೊಂಡಿರುತ್ತದೆ ಅಂತ ನನಗೆ ಈಗ ಗ್ಯಾರಂಟಿ ಅನ್ನಿಸುತ್ತದೆ.

ಇವತ್ತು ಬೆಳಿಗ್ಗೆ ಹೊಸ ಪೈಪು ಮಾಡಿದೆ. ಶನಿವಾರ, ಹೊರಗೆ ಮಂಜು ಬೀಳುತ್ತಿತ್ತು, ಗ್ಯಾರೇಜಿನ ಹೀಟರ್ ಹಾಕಿಕೊಂಡೆ. ಸುರುಳಿ ಸುತ್ತಿ ಬರುವ ಪೈಪನ್ನು ಟೇಬಲ್ಲಿನ ಮೇಲೆ ಒಂದು ತುದಿ ಒತ್ತಿ ಹಿಡಿದು, ಚಪಾತಿ ಹಿಟ್ಟು ಉರುಳಿಸಿದ ಹಾಗೆ ನಿಧಾನಕ್ಕೆ ಬಿಡಿಸಿ ನೆಟ್ಟಗೆ ಮಾಡಿದೆ. ತಾಮ್ರದ ತಂತಿ ಪಕ್ಕದಲ್ಲಿಟ್ಟೆ. ಮೊದಲ ಗುರುತು. ಆಮೇಲಿನ ಗುರುತಿಗೆ 6 ಮಿಲಿಮೀಟರ್ ಕಳೆದೆ. ಇನ್ನೊಂದು ಸಲ ಅಳೆದೆ. ಬೆಂಡರಿನಲ್ಲಿಟ್ಟು ಬಗ್ಗಿಸಿದೆ. ಮೂರನೆಯ ಬಾಗು ಬೇರೆ ದಿಕ್ಕಿಗೆ ತಿರುಗಬೇಕು, ಅದಕ್ಕೆ ಪೈಪಿನ ಮೈಮೇಲೆ ಉದ್ದಕ್ಕೆ ಪೆನ್ನಲ್ಲಿ ಒಂದು ಗೆರೆ ಎಳೆದುಕೊಂಡಿದ್ದೆ. ಪೆನ್ಸಿಲ್ ಬೇಡ, ಅದರ ಕಡ್ಡಿಯಲ್ಲಿರುವ ಗ್ರಾಫೈಟಿನಿಂದ ಅಲ್ಯೂಮಿನಿಯಂ ತುಕ್ಕು ಹಿಡಿಯಬಹುದು. ನಟ್ಟು, ಸ್ಲೀವ್ ಏರಿಸಿದ್ದು ಎರಡು ಸಲ ನೋಡಿಕೊಂಡು ಫ್ಲೇರ್ ಮಾಡಿದೆ.

ಒಡಲಿನೊಳಗೆ ಅಂಗಾತ ಮಲಗಿಕೊಂಡು ಪೈಪನ್ನು ತೂರಿಸಿದೆ. ಆ ತುದಿ ಅತ್ತ ಕಡೆಯ ಫಿಟ್ಟಿಂಗಿನ ಮೂತಿಯ ಮೇಲೆ ಕೂತಿತು. ಈ ತುದಿ ಇತ್ತ ಕಡೆಯ ಫಿಟ್ಟಿಂಗಿನ ಎದುರು ಬಂತು. ಮಾವ ಕ್ಲ್ಯಾಂಪಿಗೆ ಸಿಕ್ಕಿಸಿದ್ದ ಫೋನಿನಲ್ಲಿದ್ದರು. ಅವರಿಗೆ ಸಾಯಂಕಾಲ, ಹಿಂದೆ ಅತ್ತೆ ದೀಪ ಹಚ್ಚುತ್ತಿದ್ದ ಗಂಟೆಯ ಸದ್ದು.

"ಕೈ ಬಿಡು" ಅಂದರು.

ಬಿಟ್ಟೆ. ಎರಡೂ ಕೈ ಎದೆ ಮೇಲಿಟ್ಟುಕೊಂಡು ನೋಡುತ್ತಾ ಮಲಗಿದೆ. ಪೈಪು ಅಲ್ಲಾಡಲಿಲ್ಲ.

"ಕ್ಯಾಮೆರಾ ಇನ್ನೊಂಚೂರು ಕೆಳಗೆ ಹಿಡಿಯಮ್ಮಾ." ಹಿಡಿದೆ. ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಹ್ಞೂಂ, ಈಗ ನಟ್ಟು ಹಾಕು" ಅಂದರು. ನಟ್ಟು ಬೆರಳಲ್ಲೇ ಕೊನೆಯವರೆಗೂ ಹೋಯಿತು.